ನಿಮಗಿದು ಗೊತ್ತೇ? ‘ಸರ್ವರ್ ಇಲ್ರಿ’ ಎಂಬ ಮಾತಿನ ಹಿಂದೆ ಯಾರ್‍ಯಾರಿದ್ದಾರೆ

ಮಸ್ಕಿ ಬೆಟ್ಟದ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ‘ದೇವಾನಾಂಪ್ರಿಯ’ ಎನಿಸಿಕೊಂಡ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನವಾಗಿ ಬೆಳಕಿಗೆ ಬಂದದ್ದು ಅದು. ಇಷ್ಟು ನಮ್ಮ ಕಡೆಯ ಶಾಲೆ ಮಕ್ಕಳಿಗೂ ಗೊತ್ತು. ಪಾಟಲಿಪುತ್ರದ ಅರಸನ ಮಾತು ಇಷ್ಟು ದೂರ ಯಾರ್‍ಯಾರ ಕೈ ದಾಟಿ ಬಂತು ಎಂಬುದು ಗೊತ್ತೇ? ಸುಳಿವು ಇರುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ತಿಳಿಸುತ್ತಾರೆ. ಕೆಳಗೆ ಬರೆದವನ ಹೆಸರೂ ಇದೆ: ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ಬ್ರಾಹ್ಮಿ ಬಿಟ್ಟು, ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನ ಇನ್ನೂ ಮುಂದೆ ಹೋಗುತ್ತದೆ. ಮಹಾಮಾತ್ರರು ರಜ್ಜುಕನೆಂಬ ಗ್ರಾಮಾಂತರ ಅಧಿಕಾರಿಗೆ ಹೇಳಬೇಕು, ರಜ್ಜುಕ ಭೇರಿ ಬಾರಿಸಿ ಜನಪದಕ್ಕೆ ಸಾರಬೇಕು. ಹೇಳುವವರು, ಸಾಗಿಸುವವರು, ಬರೆಯುವವರು, ಸಾರುವವರು ಬೇರೆ ಬೇರೆ. ಪ್ರತಿಯೊಬ್ಬರ ಹೊಣೆಯೂ ಬೇರೆ. ಮಾಹಿತಿ ಸಂವಹನದ ಹುದ್ದೆ ಹಂಚಿಕೆ ನಮ್ಮ ಸೀಮೆಗೆ ಹೊಸದಲ್ಲ.

ಐಟಿ ಕೆಲಸ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ಕೋಡ್ ಬರೆಯುವುದು ಎಂದು ಬಳಗಾನೂರು, ತುರ್ವಿಹಾಳ, ಮುದಗಲ್ಲಿನ ಪಿಯು ಹುಡುಗ ಹುಡುಗಿಯರು ತಿಳಿದಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಉದ್ಯೋಗ ವರ್ಗೀಕರಣ ಹಾಗೆ ಹೇಳುವುದಿಲ್ಲ. ಅದರಲ್ಲಿ ಈ ಕ್ಷೇತ್ರದವರು ಒಂದೇ ಕಡೆ ಇಲ್ಲ. ವ್ಯವಸ್ಥಾಪಕರು 1330 ಎಂಬ ಸಂಕೇತ ಸಂಖ್ಯೆಯಲ್ಲಿ, ಸಾಫ್ಟ್‌ವೇರ್ ಬರೆಯುವವರು, ಡೇಟಾಬೇಸ್ ಮತ್ತು ನೆಟ್‌ವರ್ಕ್ ತಜ್ಞರು 25ರಲ್ಲಿ, ತಂತ್ರಜ್ಞರು 35ರಲ್ಲಿ. ಡೇಟಾ ಎಂಟ್ರಿ ಮಾಡುವವರು ಗುಮಾಸ್ತರ ಜೊತೆ 4132ರಲ್ಲಿ. ಕೇಬಲ್ ಎಳೆದು ಉಪಕರಣ ಕೂರಿಸುವವರು ಕುಶಲಕರ್ಮಿಗಳ ಗುಂಪಿನಲ್ಲಿ, ಎಲೆಕ್ಟ್ರಿಷಿಯನ್ನರ ಪಕ್ಕ, 7422ರಲ್ಲಿ. ಭಾರತದ ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015 ಕೂಡ ಇದನ್ನೇ ಅನುಸರಿಸಿದೆ. ಹೀಗಾಗಿ ನಾಡಕಚೇರಿಯ ಆಪರೇಟರ್ ಕೂಡ ಈ ಕ್ಷೇತ್ರದವರೇ, ರಸ್ತೆಬದಿಯ ಗುಂಡಿಯಲ್ಲಿ ಕೂತು ಫೈಬರ್ ಜೋಡಿಸುವ ಹುಡುಗನೂ ಈ ಕ್ಷೇತ್ರದವನೇ.

ಇನ್ನು ಪಹಣಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅವು 67 ಲಕ್ಷ ರೈತರ ಹೊಲದ ದಾಖಲೆಗಳು. ಇದಕ್ಕೂ ಮೊದಲಿನ ಪ್ರಾಯೋಗಿಕ ಯತ್ನ 1991ರಲ್ಲಿ ನಡೆದದ್ದು ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲೇ. ‘ಭೂಮಿ’ಯ ಮುಂದಾಳು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ತಂತ್ರಾಂಶ ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಆದರೆ ದೊಡ್ಡ ದುಡಿಮೆ ಇವರಿಬ್ಬರದಲ್ಲ. ಕೈಬರಹದ ಪಹಣಿಯನ್ನು ಸಾಲು ಸಾಲಾಗಿ ಟೈಪ್ ಮಾಡಿದ ಆಪರೇಟರುಗಳದ್ದು, ಅದನ್ನು ಮೂಲದ ಜೊತೆ ತಾಳೆ ನೋಡಿ ಸಹಿ ಹಾಕಿದ ಗ್ರಾಮ ಲೆಕ್ಕಿಗರದ್ದು. ಅವರ ಹೆಸರು ಯಾವ ಪ್ರಶಸ್ತಿ ಪತ್ರದಲ್ಲೂ ಬರಲಿಲ್ಲ. ನನ್ನ ಮಟ್ಟಿಗೆ ಕರ್ನಾಟಕದ ಅತಿ ದೊಡ್ಡ ಐಟಿ ಕೆಲಸ ಇದೇ.

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕು ಇತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1884ರಿಂದ ಆಡಳಿತ ಭಾಷೆ ಉರ್ದು. ಅಜ್ಜನ ಕಾಲದ ಕಾಗದ ಹುಡುಕುವವರಿಗೆ ಇವತ್ತಿಗೂ ಉರ್ದು ಓದಬಲ್ಲ ಹಿರಿಯರು ಬೇಕಾಗುತ್ತಾರೆ. ಹಳೆಯ ಲಿಪಿ ಓದಿ ಕನ್ನಡಕ್ಕೆ ಇಳಿಸುವ ಈ ಕೆಲಸ ಯಾವ ಐಟಿ ಹುದ್ದೆಯ ಪಟ್ಟಿಯಲ್ಲೂ ಇಲ್ಲ. ಅದಿಲ್ಲದೆ ಹಳೆಯ ದಾಖಲೆಯ ಗಣಕೀಕರಣ ಪೂರ್ತಿಯಾಗುವುದೂ ಇಲ್ಲ.

ಆಪರೇಟರ್ ಪಹಣಿಯಲ್ಲಿ ತಮಗೆ ತೋಚಿದ್ದನ್ನು ತಿದ್ದಬಲ್ಲರೇ? ಇಲ್ಲ. ‘ಭೂಮಿ’ ಶುರುವಾದಾಗಲೇ ಬರೀ ಪಾಸ್‌ವರ್ಡ್ ಸಾಲದೆಂದು ಬೆರಳಚ್ಚಿನ ಲಾಗಿನ್ ತಂದರು. ಯಾರು ಯಾವಾಗ ಯಾವ ದಾಖಲೆ ಮುಟ್ಟಿದರು ಎಂಬುದು ದಾಖಲಾಗುತ್ತದೆ. ಮುಟೇಶನ್ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ಎಂಬ ಸರದಿಯನ್ನು ತಂತ್ರಾಂಶವೇ ಕಾಯುವಂತೆ ಮಾಡಿದರು. ಅರ್ಜಿ ತಗೊಂಡು ಚೀಟಿ ಕೊಡುವುದು ಕೌಂಟರಿನವರ ಕೆಲಸ, ನೋಟಿಸ್ ಮುಟ್ಟಿಸುವುದು ಗ್ರಾಮ ಲೆಕ್ಕಿಗರದ್ದು, ತಕರಾರಿಲ್ಲದಿದ್ದರೆ ಮಂಜೂರು ಮಾಡುವುದು ಕಂದಾಯ ನಿರೀಕ್ಷಕರದ್ದು. ಮುಟೇಶನ್ ಆದೇಶ ಒಪ್ಪಿಗೆಯಾಗದಿದ್ದರೆ ಭೂಕಂದಾಯ ಕಾಯ್ದೆಯ 136(2)ರ ಅಡಿ ಮೇಲ್ಮನವಿ ಹೋಗುವುದು ಸಹಾಯಕ ಆಯುಕ್ತರಿಗೆ, ಅಂದರೆ ನಮ್ಮವರಿಗೆ ಲಿಂಗಸುಗೂರಿಗೆ. ಪಹಣಿಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜ’ ಎಂದಿದ್ದಾಗ ಕೌಂಟರಿನ ಹುಡುಗಿಯ ಮೇಲೆ ರೇಗುವವರನ್ನು ನೋಡಿದ್ದೇನೆ. ಹೆಸರು ಬದಲಿಸುವ ಅಧಿಕಾರ ಆಕೆಯ ಕೀಬೋರ್ಡಿಗೆ ಇಲ್ಲ, ಇರಲೂಬಾರದು.

ಹಾಗಾದರೆ ‘ಸರ್ವರ್ ಇಲ್ರಿ, ನಾಳಿಗೆ ಬರ್ರಿ’ ಎಂದಾಗ ಹೊಣೆ ಯಾರದು? ಕೌಂಟರಿನಿಂದ ಬೆಂಗಳೂರಿನ ಸರ್ವರ್‌ವರೆಗೆ ಕನಿಷ್ಠ ಐದು ಕೈಗಳಿವೆ. ಕಚೇರಿಯ ಕಂಪ್ಯೂಟರ್, ಯುಪಿಎಸ್ ರಿಪೇರಿಯವರು ಒಬ್ಬರು. ಅಲ್ಲಿಗೆ ಬರುವ ಲೈನಿನ ದೂರಸಂಪರ್ಕ ತಂತ್ರಜ್ಞರು ಇನ್ನೊಬ್ಬರು. ‘ಕೆಸ್ವಾನ್’ ಎಂಬ ಸರ್ಕಾರಿ ಜಾಲವನ್ನು ದಿನವಿಡೀ ನೋಡಿಕೊಳ್ಳುವ ನೆಟ್‌ವರ್ಕ್ ಎಂಜಿನಿಯರ್, ದತ್ತಾಂಶ ಕೇಂದ್ರದಲ್ಲಿ ಯಂತ್ರ ಕಾಯುವ ಸಿಸ್ಟಂ ಅಡ್ಮಿನ್, ದಾಖಲೆಗಳ ಕೋಶ ಕಾಯುವ ಡೇಟಾಬೇಸ್ ಅಡ್ಮಿನ್. ತಂತ್ರಾಂಶದಲ್ಲೇ ದೋಷವಿದ್ದರೆ ಅದನ್ನು ಬರೆದವರು ಬೇರೆಯೇ. ರೈತನ ಕಣ್ಣಿಗೆ ಕಾಣುವವರು ಕೌಂಟರಿನವರು ಮಾತ್ರ, ಬೈಗುಳ ತಿನ್ನುವವರೂ ಅವರೇ. ಕೂಲಿ ಬಿಟ್ಟು ಬಸ್ ಚಾರ್ಜು ಕೊಟ್ಟು ಬಂದವನ ಸಿಟ್ಟು ನ್ಯಾಯವೇ. ಅದು ತಲುಪಬೇಕಾದ ಕಡೆ ತಲುಪುತ್ತಿಲ್ಲ ಎಂಬುದೇ ನನ್ನ ಕಳವಳ.

ತಲುಪಿಸಲು ದಾರಿ ಇದೆ. ‘ಸಕಾಲ’ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರ ಏಪ್ರಿಲಿನಲ್ಲಿ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಬರಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಸೇವೆ ಕೊಡುವ ನಿಯೋಜಿತ ಅಧಿಕಾರಿ, ದೂರು ಕೇಳುವ ಸಕ್ಷಮ ಅಧಿಕಾರಿ, ಅದರ ಮೇಲೆ ಮೇಲ್ಮನವಿ ಪ್ರಾಧಿಕಾರ ಎಂದು ಮೂರು ಮೆಟ್ಟಿಲು. ಚೀಟಿ ಇಲ್ಲದೆ ಬರೀ ಬಾಯಿಮಾತಿನಲ್ಲಿ ‘ಕೊಟ್ಟೀನ್ರಿ’ ಅಂದರೆ ಈ ಮೆಟ್ಟಿಲು ಹತ್ತಲಾಗದು.

ಗ್ರಾಮ ಲೆಕ್ಕಿಗರು ಈಗ ‘ಗ್ರಾಮ ಆಡಳಿತಾಧಿಕಾರಿ’. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಮುಂದಿಟ್ಟ ದೂರುಗಳಲ್ಲಿ ಮುಖ್ಯವಾದದ್ದು ಒಬ್ಬರ ಮೊಬೈಲಿಗೇ ಹೇರಿದ ಹತ್ತಾರು ಆ್ಯಪ್‌ಗಳ ಒತ್ತಡ. ಹುದ್ದೆ ಕಂದಾಯದ್ದು, ದಿನದ ಕೆಲಸ ಡೇಟಾ ಎಂಟ್ರಿಯದ್ದು. ಆ್ಯಪ್ ರೂಪಿಸುವವರು ಒಂದು ದಿನ ಹಿರೇಹಳ್ಳದ ದಂಡೆಯ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಂತು ನೋಡಲಿ ಎಂದು ಮನಸಾರೆ ಬಯಸುತ್ತೇನೆ. ‘ಯೂಸರ್ ರಿಸರ್ಚರ್’ ಎಂಬ ಹುದ್ದೆಯೇ ಇದೆ. ಬಳಸುವವರ ಜಾಗಕ್ಕೆ ಹೋಗಿ, ಅವರು ಎಲ್ಲಿ ಎಡವುತ್ತಾರೆಂದು ನೋಡಿ ಬರುವುದು ಅದರ ಕೆಲಸ.

ಹೊಲಕ್ಕೆ ಪಹಣಿಯಾದರೆ ಮನೆಗೆ ಖಾತೆ. ಬಳಗಾನೂರು ಪಟ್ಟಣ ಪಂಚಾಯಿತಿ. ಹಾಗಾಗಿ ಇಲ್ಲಿಯ ಮನೆಯ ಖಾತೆ ಸಿಗುವುದು ‘ಇ-ಆಸ್ತಿ’ಯಲ್ಲಿ. ಪಕ್ಕದ ಗ್ರಾಮ ಪಂಚಾಯಿತಿಯ ಊರಿನಲ್ಲಿ ಅದೇ ಬಗೆಯ ಮನೆಗೆ ‘ಇ-ಸ್ವತ್ತು’ವಿನ ನಮೂನೆ 9 ಮತ್ತು 11. ಎರಡರ ತಂತ್ರಾಂಶ ಬೇರೆ, ಇಲಾಖೆ ಬೇರೆ, ಸಹಿ ಮಾಡುವವರು ಬೇರೆ.

ಆ ಸಹಿ ಇರುವುದು ಡಾಂಗಲ್ ಎಂಬ ಬೆರಳುದ್ದದ ಕಡ್ಡಿಯಲ್ಲಿ. ಅದನ್ನು ಸಿಬ್ಬಂದಿಯ ಕೈಗೆ ಕೊಟ್ಟು ‘ನೀನೇ ಹಾಕಪ್ಪ’ ಎನ್ನುವ ರೂಢಿ ಹಲವು ಕಡೆ ಉಂಟು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವ ಹೊಣೆ ಸಹಿಯ ಒಡೆಯನದು. ಆಧಾರ್ ನೋಂದಣಿ ಆಪರೇಟರಿಗೂ ಹೀಗೆಯೇ: ಪ್ರಮಾಣೀಕರಣ ಪರೀಕ್ಷೆ ಪಾಸಾಗಬೇಕು, ಪ್ರತಿಯೊಂದು ನೋಂದಣಿಗೂ ತನ್ನದೇ ಬೆರಳಚ್ಚಿನಿಂದ ಮುದ್ರೆ ಒತ್ತಬೇಕು.

ಫೈಬರ್ ಜೋಡಿಸುವವನ ಕೆಲಸವನ್ನು ಹತ್ತಿರ ನಿಂತು ನೋಡಿದ್ದೀರಾ? ಜೆಸಿಬಿ ರಸ್ತೆ ಅಗೆಯುವಾಗ ಕೇಬಲ್ ಕತ್ತರಿಸಿತೆಂದರೆ ಮೊದಲು ಬರುವುದು ಒಟಿಡಿಆರ್ ಎಂಬ ಪೆಟ್ಟಿಗೆ. ಒಂದು ತುದಿಯಿಂದ ಬೆಳಕಿನ ಮಿಡಿತ ಕಳಿಸಿ, ಹಿಂತಿರುಗಿ ಬರುವ ಬೆಳಕನ್ನು ಅಳೆದು, ಕಡಿದ ಜಾಗ ಎಷ್ಟು ದೂರದಲ್ಲಿದೆ ಎಂದು ಅದು ಹೇಳುತ್ತದೆ. ಆಮೇಲೆ ಗುಂಡಿಯ ಅಂಚಿನಲ್ಲಿ ಟಾರ್ಪಾಲು ಹಾಸಿ ಕೂರುತ್ತಾರೆ. ಕೇಬಲಿನೊಳಗಿನ ಎಳೆಗಳಿಗೆ ಬಣ್ಣದ ಸರದಿ ಉಂಟು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಇದು ಅವರಿಗೆ ಮಗ್ಗಿಯಷ್ಟು ಬಾಯಿಪಾಠ. ಹೊದಿಕೆ ಸುಲಿದರೆ ಉಳಿಯುವ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಬೆಳಕು ಓಡುವ ನಡುಭಾಗ ಸುಮಾರು 9 ಮೈಕ್ರಾನ್ ಅಷ್ಟೇ. ಅದನ್ನು ಆಲ್ಕೊಹಾಲಿನಿಂದ ಒರೆಸಿ, ಕ್ಲೀವರಿನಲ್ಲಿ ನೇರ ಕತ್ತರಿಸಿ, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ವಿದ್ಯುತ್ ಕಿಡಿ ಹಾರಿ ಗಾಜು ಕರಗಿ ಒಂದಾಗುತ್ತದೆ. ಪರದೆಯ ಮೇಲೆ ನಷ್ಟ 0.1 ಡೆಸಿಬಲ್‌ಗಿಂತ ಹೆಚ್ಚು ಬಂದರೆ ಕಡಿದು ಮತ್ತೆ ಜೋಡಿಸಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಎರೆಭೂಮಿಯ ದೂಳಿನಲ್ಲಿ, ಒಂದು ಕಣವೂ ಕೂರದಂತೆ 24 ಎಳೆ ಜೋಡಿಸಿ ಏಳುವ ಹುಡುಗನ ಕೈಚಳಕಕ್ಕೆ ತಕ್ಕ ಸಂಬಳವೂ ಮರ್ಯಾದೆಯೂ ಸಿಗಬೇಕೆಂದು ಗಟ್ಟಿಯಾಗಿ ಹೇಳುತ್ತೇನೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ 2011ರಲ್ಲಿ ಒಪ್ಪಿಗೆ ಪಡೆಯಿತು, ಆಮೇಲೆ ‘ಭಾರತ್‌ನೆಟ್’ ಆಯಿತು. ಅದು ನಿಂತಿರುವುದು ಈ ಕೈಗಳ ಮೇಲೆ.

ಫೈಬರಿಗೂ ಮೊದಲಿನ ಮಾತು: ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗೆಂದೇ ರೂಪಿಸಿದ 128 ಲೈನುಗಳ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ಎಲ್ಲಿ? ದಿಲ್ಲಿಯಲ್ಲಲ್ಲ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದೆ, ಸಾಮಾನ್ಯ ಕೋಣೆಯ ಸೆಕೆಯಲ್ಲೇ ಓಡುವಂತೆ ಅದನ್ನು ಕಟ್ಟಿದ್ದರು.

ಸಂವಹನದ ಹುದ್ದೆ ಗಣಿಯಲ್ಲೂ ಉಂಟು. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನದು. ಅಂಥ ಗಣಿಗಳಲ್ಲಿ ಜನರನ್ನು ಇಳಿಸಿ ಹತ್ತಿಸುವ ಶಾಫ್ಟಿನ ಬಾಯಲ್ಲಿ ಬ್ಯಾಂಕ್ಸ್‌ಮನ್, ಕೆಳಗಿನ ಅಂತಸ್ತಿನಲ್ಲಿ ಬೆಲ್‌ಮನ್ ಇರುತ್ತಾರೆ. ಎಷ್ಟು ಗಂಟೆ ಹೊಡೆದರೆ ಏನರ್ಥ ಎಂಬುದು 1961ರ ಲೋಹ ಗಣಿ ನಿಯಮಗಳಲ್ಲೇ ಗೊತ್ತುಪಡಿಸಿದೆ. ಅಧಿಕಾರ ಪಡೆದವರಲ್ಲದೆ ಬೇರೆ ಯಾರೂ ಸಂಕೇತ ಕೊಡುವಂತಿಲ್ಲ. ಕೊಟ್ಟ ಸಂಕೇತ ನಂಬಿ ಯಂತ್ರ ನಡೆಸುವ ವೈಂಡಿಂಗ್ ಎಂಜಿನ್ ಡ್ರೈವರಿಗೂ ಪ್ರಮಾಣಪತ್ರ ಕಡ್ಡಾಯ. ಸಂವಹನದ ಹುದ್ದೆಯಲ್ಲಿ ಒಂದು ತಪ್ಪಿಗೆ ಎಷ್ಟು ಬೆಲೆ ತೆರಬೇಕಾದೀತು ಎಂಬುದನ್ನು ಈ ನಿಯಮ ಬರೆದವರು ಚೆನ್ನಾಗಿ ಅರಿತಿದ್ದರು.

ವಿದ್ಯುತ್ ಜಾಲದಲ್ಲೂ ಇಂಥ ಹುದ್ದೆ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಲೈನು ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ದೇಶದ ಜಾಲಕ್ಕೆ ಸೇರಿಸಿತು. ಆ ಜಾಲದ ನಾಡಿ 50 ಹರ್ಟ್ಸ್ ಸುತ್ತಲೇ ಇರುವಂತೆ ಹಗಲಿರುಳು ಪರದೆ ನೋಡುತ್ತಾ ಕೂರುವವರು ಬೆಂಗಳೂರಿನ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದ ಎಂಜಿನಿಯರುಗಳು. ಇವರು ವಿದ್ಯುತ್ತಿನವರೂ ಹೌದು, ಮಾಹಿತಿಯವರೂ ಹೌದು.

ಸಿಂಧನೂರಿನ ಭತ್ತದ ಗದ್ದೆಗೆ ಬೆಂಕಿ ರೋಗ ಬಿದ್ದಾಗ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಕಿಸಾನ್ ಕಾಲ್ ಸೆಂಟರ್ 2004ರ ಜನವರಿ 21ರಿಂದ ನಡೆಯುತ್ತಿದೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಕರೆ ಎತ್ತಿಕೊಳ್ಳುವವರು ಕೃಷಿ ಓದಿದವರು. ಹುದ್ದೆಯ ಹೆಸರು ‘ಫಾರ್ಮ್ ಟೆಲಿ ಅಡ್ವೈಸರ್’. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳಿಗೆ ಇದೂ ಒಂದು ದಾರಿ.

ಮಳೆ ಎಷ್ಟಾಯಿತು ಎಂದು ಅಳೆಯುವುದು ಯಾರು? 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಕೂರಿಸಿರುವ ಮಳೆಮಾಪಕಗಳು ಸೌರಶಕ್ತಿಯಿಂದ ನಡೆದು, ಮೊಬೈಲ್ ಜಾಲದ ಮೂಲಕ ತಾವೇ ಲೆಕ್ಕ ಕಳಿಸುತ್ತವೆ. ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ಬೆಳೆ ಪರಿಹಾರದ ವಾದವೂ ತಪ್ಪುತ್ತದೆ. ಅದನ್ನು ಏಣಿ ಹಾಕಿ ಶುಚಿ ಮಾಡಿ ಬರುವ ಮೆಕ್ಯಾನಿಕ್‌ನ ಕೆಲಸ ಸಣ್ಣದಲ್ಲ.

ಪಹಣಿಯ 9ನೇ ಕಾಲಮ್ಮಿನಲ್ಲಿ ಕಬ್ಜೆದಾರರ ಹೆಸರು. 12ರಲ್ಲಿ ಸಾಗುವಳಿ, ಬೆಳೆ. ಈ ಬೆಳೆ ವಿವರವನ್ನು ಹಿಂದೆ ಚಾವಡಿಯಲ್ಲಿ ಕೂತು ಬರೆದದ್ದೂ ಉಂಟು. ಈಗ ಬೆಳೆ ಸಮೀಕ್ಷೆಯಲ್ಲಿ ‘ಪಿಆರ್’ ಎಂದು ಕರೆಸಿಕೊಳ್ಳುವ ಊರಿನದೇ ಯುವಕ ಸರ್ವೆ ನಂಬರಿನೊಳಗೆ ಕಾಲಿಟ್ಟು, ಜಿಪಿಎಸ್ ಹಿಡಿಯುವವರೆಗೆ ಕಾದು, ತೊಗರಿಯೋ ಹತ್ತಿಯೋ ಜೋಳವೋ ಎಂದು ಫೋಟೊ ಸಮೇತ ದಾಖಲಿಸಬೇಕು. 2020ರಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ಅವಕಾಶವೂ ಇದೆ. ಬದುವಿನಲ್ಲಿ ನಿಂತು ಪಕ್ಕದ ಹೊಲದ ಫೋಟೊ ತೆಗೆದರೆ ಬೆಳೆ ವಿಮೆಯ ಹೊತ್ತಿಗೆ ಅಳುವವರು ಬೇರೆಯವರು. ಊರವನೇ ಈ ಕೆಲಸಕ್ಕೆ ಬೇಕೆನ್ನುವುದು ಇದಕ್ಕೇ. ಯಾವ ಹೊಲ ಯಾರದು, ಯಾವಾಗ ಬಿತ್ತಿದರು ಎಂಬುದು ಅವನಿಗೆ ಗೊತ್ತಿರುತ್ತದೆ.

ಇಂಥ ವಿವರವನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಲು ಹಲವರ ಬೆರಳುಗಳು ದಿನವೂ ಒತ್ತುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 128.

ಈಗ ಯಂತ್ರಗಳಿಗೆ ಮಾತು ಕಲಿಸುವ ಹುದ್ದೆಗಳು ಬಂದಿವೆ: ಧ್ವನಿ ಸಂಗ್ರಹಿಸುವವರು, ಕೇಳಿ ಬರೆದುಕೊಳ್ಳುವವರು, ಬರೆದದ್ದನ್ನು ಪರಿಶೀಲಿಸುವವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಗಳ ಜನರಿಗೆ ಚಿತ್ರ ತೋರಿಸಿ, ಅವರು ತಮ್ಮ ಮಾತಿನಲ್ಲೇ ಹೇಳಿದ್ದನ್ನು ಕೂಡಿಡುತ್ತಿದೆ. ‘ಏನ್ ಮಾಡಾಕತ್ತೀರಿ’ ಎಂಬುದನ್ನು ತಪ್ಪಿಲ್ಲದೆ ಬರೆದುಕೊಳ್ಳಲು ನಮ್ಮ ಕಡೆಯ ಕಿವಿಯೇ ಬೇಕು. ಮನೆಯಲ್ಲೇ ಕೂತು ಮಾಡಬಹುದಾದ ಈ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚು ಸಿಗಲಿ.

ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಇವತ್ತು ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ‘ಸೆನ್’ ಠಾಣೆ ಜಿಲ್ಲೆಗೊಂದು ಇದೆ. ಒಟಿಪಿ ಕೊಟ್ಟು ಹಣ ಹೋಯಿತೆಂದರೆ ಮೊದಲ ಕರೆ 1930ಕ್ಕೆ. ಬೇಗ ತಿಳಿಸಿದಷ್ಟೂ ಹಣ ದಾಟಿಹೋಗುವ ಮೊದಲೇ ಖಾತೆಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ಇನ್ನೊಂದು ಸಂಗತಿ ವಕೀಲರಲ್ಲೂ ಎಲ್ಲರಿಗೆ ಗೊತ್ತಿರಲಾರದು. ಐಟಿ ಕಾಯ್ದೆಯ 46ನೇ ಸೆಕ್ಷನ್ ಅಡಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ತೀರ್ಪು ಕೊಡುವ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಯನ್ನು ಅವರು ವಿಚಾರಣೆ ಮಾಡಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದೊಡ್ಡ ದತ್ತಾಂಶ ಸಂಸ್ಥೆಗಳಿಗೆ ‘ದತ್ತಾಂಶ ಸಂರಕ್ಷಣಾ ಅಧಿಕಾರಿ’ ಎಂಬ ಹುದ್ದೆ ಇರಲೇಬೇಕೆಂದಿದೆ. ಈ ಕಾಯ್ದೆಯಡಿ ಗರಿಷ್ಠ ದಂಡ 250 ಕೋಟಿ ರೂಪಾಯಿ. ಕಾನೂನು ಓದಿದವರೂ ಈ ಕ್ಷೇತ್ರಕ್ಕೆ ಬರಬಹುದಾದ ಬಾಗಿಲು ಇದು.

ಓದುವವರಿಗೆ ಹತ್ತಿರದ ಸುದ್ದಿ: ರಾಯಚೂರಿನ ಐಐಐಟಿ 2019ರಲ್ಲಿ ತರಗತಿ ಶುರು ಮಾಡಿತು. ಸರ್ಕಾರಿ ನೌಕರಿ ನೋಡುವವರಿಗೆ 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷಾ ನಿಯಮಗಳು ನೆನಪಿರಲಿ. ಗ್ರಾಮೀಣ ಅಂಚೆ ಸೇವಕರ ನೇಮಕ ಹತ್ತನೇ ತರಗತಿಯ ಅಂಕದ ಮೇಲೆ ನಡೆಯುತ್ತದೆ. ಊರಿನ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್ ಈಗ ಬೆರಳಚ್ಚು ಯಂತ್ರ ಹಿಡಿದು ಹಣವನ್ನೂ ಕೊಡುತ್ತಾರೆ. ಅಂಚೆ ಪೇಮೆಂಟ್ಸ್ ಬ್ಯಾಂಕ್ ದೇಶವ್ಯಾಪಿಯಾಗಿ ಶುರುವಾದದ್ದು 2018ರ ಸೆಪ್ಟೆಂಬರ್ 1ರಂದು.

ಕೊನೆಯದಾಗಿ, ಪ್ರತಿ ಸರ್ಕಾರಿ ಕಚೇರಿಯಲ್ಲೂ ಇರುವ ಒಂದು ಮಾಹಿತಿ ಹುದ್ದೆ: ಸಾರ್ವಜನಿಕ ಮಾಹಿತಿ ಅಧಿಕಾರಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಅಧಿಕಾರಿಯ ಸ್ವಂತ ಜೇಬಿನಿಂದ. ಉತ್ತರಕ್ಕಾಗಿ ಅವರು ಬೇರೆ ಯಾವ ಅಧಿಕಾರಿಯ ನೆರವನ್ನೂ ಕೇಳಬಹುದು; ಕೇಳಿಸಿಕೊಂಡವರೂ ಅಷ್ಟೇ ಹೊಣೆಗಾರರಾಗುತ್ತಾರೆ. ಕಳೆದ ತಿಂಗಳು ಯಾವ್ಯಾವ ದಿನ, ಎಷ್ಟು ಹೊತ್ತು ಸರ್ವರ್ ಇರಲಿಲ್ಲ, ಅದನ್ನು ಸರಿಪಡಿಸುವ ಗುತ್ತಿಗೆ ಯಾರದು, ಆಪರೇಟರ್ ಹುದ್ದೆ ಎಷ್ಟು ಖಾಲಿ ಇವೆ ಎಂದು ಬಿಳಿ ಹಾಳೆಯಲ್ಲಿ ಬರೆದು ಕೇಳಬಹುದು. ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಭಾಗದವರಿಗಾಗಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ.